ಭಾನುವಾರದ ಚರ್ಚೆಗೆ ಮುನ್ನ: ಅಮೆರಿಕದ ಅಂತರ್ಯುದ್ಧ

ಸದಸ್ಯರಿಗೆ ನಮಸ್ಕಾರ. ಗುಲಾಮಗಿರಿ 1863ರಲ್ಲೇ ಮುಗಿಯಿತೆಂದು ಕೆಲವರು ಬರೆದಿದ್ದೀರಿ. ಹಾಗಲ್ಲ. ಆ ವರ್ಷದ ಜನವರಿ 1ರಂದು ಅಧ್ಯಕ್ಷ ಲಿಂಕನ್ ಹೊರಡಿಸಿದ ಗುಲಾಮರ ಬಿಡುಗಡೆಯ ಘೋಷಣೆ, ದಂಗೆಯೆದ್ದ ದಕ್ಷಿಣದ ಪ್ರದೇಶಗಳಿಗೆ ಮಾತ್ರ ಅನ್ವಯಿಸಿತ್ತು. ಗುಲಾಮಗಿರಿಯಿದ್ದೂ ಒಕ್ಕೂಟದಲ್ಲೇ (ಲಿಂಕನ್ ಸರ್ಕಾರದ ಪಕ್ಷದಲ್ಲೇ) ಉಳಿದಿದ್ದ ಕೆಂಟಕಿ, ಮಿಸೌರಿ, ಮೇರಿಲ್ಯಾಂಡ್, ಡೆಲವೇರ್‌ಗಳನ್ನು ಮುಟ್ಟಲಿಲ್ಲ. ಅದು ಯುದ್ಧಕಾಲದ ಸೇನಾಧಿಕಾರದಡಿ ಹೊರಟ ಆದೇಶವಾಗಿತ್ತು. ಗುಲಾಮಗಿರಿಯನ್ನು ದೇಶದಲ್ಲೆಲ್ಲ ನಿಷೇಧಿಸಿದ್ದು 1865ರ ಡಿಸೆಂಬರ್‌ನಲ್ಲಿ ಜಾರಿಗೆ ಬಂದ ಸಂವಿಧಾನದ 13ನೇ ತಿದ್ದುಪಡಿ.

ಅದರಲ್ಲೊಂದು ಕಿಂಡಿ ಇದೆ, ದಯವಿಟ್ಟು ನಿಧಾನವಾಗಿ ಓದಿ: ಅಪರಾಧಕ್ಕೆ ಶಿಕ್ಷೆಯಾಗಿ ಬಲವಂತದ ದುಡಿಮೆ ನಡೆಯಬಹುದು. ದಕ್ಷಿಣದ ರಾಜ್ಯಗಳು ಕೆಲಸವಿಲ್ಲದೆ ಅಲೆಯುವುದನ್ನೇ ಅಪರಾಧವಾಗಿಸಿ, ದಂಡ ಕಟ್ಟಲಾಗದ ಕಪ್ಪು ಜನರನ್ನು ದುಡಿಮೆಗೆ ಬಾಡಿಗೆ ಕೊಟ್ಟವು. ಪೌರತ್ವ (14ನೇ ತಿದ್ದುಪಡಿ, 1868) ಮತ್ತು ಕಪ್ಪು ಗಂಡಸರಿಗೆ ಮತದ ಹಕ್ಕು (15ನೇದು, 1870) ಬಂದವು, ಜಮೀನು ಮಾತ್ರ ಬರಲಿಲ್ಲ. ಬಿಡುಗಡೆಯಾದವರಲ್ಲಿ ಬಹಳ ಮಂದಿ ಹಳೆಯ ಧಣಿಗಳ ಹೊಲದಲ್ಲೇ ಪಾಲಿಗೆ ದುಡಿದರು, ಬೀಜಕ್ಕೂ ದವಸಕ್ಕೂ ಸಾಲ ಮಾಡಿದರು. ಪುನರ್ನಿರ್ಮಾಣ (ಯುದ್ಧದ ನಂತರ ದಕ್ಷಿಣವನ್ನು ಮರಳಿ ಕಟ್ಟುವ ಯತ್ನ) ಮುಗ್ಗರಿಸಿದ್ದು ಮುಖ್ಯವಾಗಿ ಈ ಜಮೀನಿನ ವಿಷಯದಲ್ಲೇ ಎಂಬುದು ನಮ್ಮ ಖಚಿತ ಅಭಿಪ್ರಾಯ. 1877ರಲ್ಲಿ ಒಕ್ಕೂಟದ ಸೇನೆ ಹಿಂದೆ ಸರಿದ ಮೇಲೆ ಮತದ ಹಕ್ಕನ್ನು ಕಾಯುವವರೂ ಇಲ್ಲವಾದರು.

ಧಾರವಾಡ, ಗದಗದ ಸದಸ್ಯರೇ, ಈ ಯುದ್ಧದಿಂದ ಅಮೆರಿಕದ ಹತ್ತಿ ಬ್ರಿಟನ್ನಿಗೆ ಸಿಗದಂತಾಗಿ ನಿಮ್ಮ ಕಡೆಯ ಹತ್ತಿಯ ಬೆಲೆ ಏರಿ, ಯುದ್ಧ ಮುಗಿದೊಡನೆ ಕುಸಿದಿತ್ತು. ಆ ಕಾಲದ ದಾಖಲೆ ಸಿಕ್ಕರೆ ತನ್ನಿ.