ಒಂದು ರೂಪಾಯಿ ದಂಡದ ವಿಚಾರ

ವಾಸ್ಕೊ, ಗೋವಾ

ಪ್ರೀತಿಯ ಅಣ್ಣನಿಗೆ,

ನಾವೆಲ್ಲ ಇಲ್ಲಿ ಆರಾಮವಾಗಿದ್ದೇವೆ. ಅವ್ವ ಕಳಿಸಿದ ಶೇಂಗಾ ಚಟ್ನಿ, ಕಡಕ್ ರೊಟ್ಟಿ ಬಂದು ಮುಟ್ಟಿದವು. ರೊಟ್ಟಿ ಅರ್ಧ ನುಚ್ಚಾಗಿದ್ದವು, ಆದರೂ ಮಕ್ಕಳು ಬಿಡಲಿಲ್ಲ.

ಮೊನ್ನೆ ನೀನು ಹೇಳಿದ್ದು ಇನ್ನೂ ತಲೆಯಲ್ಲಿ ಕೊರೆಯುತ್ತಿದೆ. ನಿಮ್ಮ ಶಾಲೆಯಲ್ಲಿ ತಾಂಡಾದ ಮಕ್ಕಳು ಲಂಬಾಣಿ ಮಾತಾಡಿದರೆ ಒಂದು ರೂಪಾಯಿ ದಂಡ, ಮೇಲೆ ಬೋರ್ಡಿನಲ್ಲಿ ಹೆಸರು ಅಂದೆ. ಅವರಿಗೆ ಕನ್ನಡ ಬೇಗ ಬರಲಿ ಅಂತ ಮಾಡಿದ್ದೀರಿ, ಗೊತ್ತು. ಫೋನಿನಲ್ಲಿ ಹೇಳಿದರೆ ಜಗಳವಾಗುತ್ತದೆ, ಅದಕ್ಕೇ ಈ ಪತ್ರ.

ನಾನಿರುವ ಊರನ್ನೇ ನೋಡು. 1684ರಲ್ಲಿ ಪೋರ್ಚುಗೀಸ್ ವೈಸ್‌ರಾಯ್ ಒಂದು ಹುಕುಂ ಹೊರಡಿಸಿದ. ಜನ ಕೊಂಕಣಿ ಬಿಡಬೇಕು, ಮೂರು ವರ್ಷದೊಳಗೆ ಪೋರ್ಚುಗೀಸ್ ಕಲಿತು ಅದನ್ನೇ ಆಡಬೇಕು ಅಂತ. ಅದಕ್ಕೂ ಮೊದಲು ಪಾದ್ರಿಗಳೇ ಕೊಂಕಣಿ ಕಲಿಯುತ್ತಿದ್ದರು. ಥಾಮಸ್ ಸ್ಟೀಫನ್ಸ್ ಬರೆದ ಕೊಂಕಣಿ ವ್ಯಾಕರಣ 1640ರಲ್ಲಿ ಇಲ್ಲೇ ರಾಚೋಲಿನಲ್ಲಿ ಅಚ್ಚಾಗಿತ್ತು! ಹುಕುಮಿನಿಂದ ಕೊಂಕಣಿಯೇನೂ ಸಾಯಲಿಲ್ಲ. ಮೀನು ಮಾರ್ಕೆಟ್ಟಿಗೆ ಹೋದರೆ ನಿನಗೇ ಕೇಳಿಸುತ್ತದೆ. ಆದರೆ ಶಾಲೆ ಅದನ್ನು ಒಳಗೆ ಬಿಟ್ಟುಕೊಳ್ಳಲಿಲ್ಲ. 1961ರಲ್ಲಿ ಪೋರ್ಚುಗೀಸರ ಆಳ್ವಿಕೆ ಮುಗಿಯುವವರೆಗೆ ಓದಿದವರು ಹೆಚ್ಚಾಗಿ ಓದಿದ್ದು ಪೋರ್ಚುಗೀಸ್, ಇಲ್ಲವೇ ಮರಾಠಿ. ನಮ್ಮ ಮನೆ ಮಾಲೀಕರ ತಾಯಿ ದಿನವಿಡೀ ಕೊಂಕಣಿಯಲ್ಲೇ ಬೈಯುತ್ತಾರೆ. ಒಂದು ಚೀಟಿ ಬರೆಯಬೇಕು ಅಂದರೆ ಮಾತ್ರ ಪೋರ್ಚುಗೀಸ್. ತನ್ನ ಮಾತನ್ನು ತಾನೇ ಬರೆಯಲಾರರು.

ನಿಮ್ಮ ದಂಡದಂಥದ್ದೇ ಬ್ರಿಟನ್ನಿನ ವೇಲ್ಸ್‌ನಲ್ಲೂ ಇತ್ತು. 19ನೇ ಶತಮಾನದಲ್ಲಿ ಅಲ್ಲಿನ ಎಷ್ಟೋ ಶಾಲೆಗಳಲ್ಲಿ ವೆಲ್ಶ್ ಆಡಿದ ಮಗುವಿನ ಕೊರಳಿಗೆ ಒಂದು ಮರದ ತುಂಡು ಹಾಕುತ್ತಿದ್ದರು. 'ವೆಲ್ಶ್ ನಾಟ್' ಅಂತ ಅದರ ಹೆಸರು. ಇನ್ನೊಂದು ಮಗು ವೆಲ್ಶ್ ಆಡಿದರೆ ಅದರ ಕೊರಳಿಗೆ. ಸಂಜೆ ಯಾರ ಕೊರಳಲ್ಲಿ ಉಳಿಯಿತೋ ಅವರಿಗೆ ಏಟು. ಅಂದರೆ ತಾನು ಪಾರಾಗಬೇಕಾದರೆ ಗೆಳೆಯನನ್ನು ಹಿಡಿದುಕೊಡಬೇಕು. ನಿಮ್ಮ ಬೋರ್ಡಿಗೆ ಹೆಸರು ಹೇಳಿಕೊಡುವವರು ಯಾರು? ಪಕ್ಕದಲ್ಲಿ ಕೂತ ಮಗುವೇ ಅಲ್ವಾ?

ಕೆನಡಾದ್ದು ಇನ್ನೂ ಘೋರ. ಅಲ್ಲಿನ ಮೂಲನಿವಾಸಿಗಳ ಒಂದೂವರೆ ಲಕ್ಷಕ್ಕೂ ಹೆಚ್ಚು ಮಕ್ಕಳನ್ನು ಮನೆಯಿಂದ ದೂರ ಮಾಡಿ ವಸತಿ ಶಾಲೆಗೆ ಹಾಕಿದರು. ದುಡ್ಡು ಸರ್ಕಾರದ್ದು, ನಡೆಸಿದ್ದು ಚರ್ಚುಗಳು. ಮನೆ ಮಾತು ಆಡಿದರೆ ಶಿಕ್ಷೆ. ಎಷ್ಟೋ ಮಕ್ಕಳು ವಾಪಸ್ ಬರಲೇ ಇಲ್ಲ. 2008ರಲ್ಲಿ ಪ್ರಧಾನಿ ಸಂಸತ್ತಿನಲ್ಲಿ ಕ್ಷಮೆ ಕೇಳಿದರು. ನಿನ್ನನ್ನು ಅವರ ಸಾಲಿಗೆ ಸೇರಿಸುತ್ತಿಲ್ಲ, ಸಿಟ್ಟಾಗಬೇಡ. ಆದರೆ ಅವರೂ ಮಕ್ಕಳ ಒಳ್ಳೆಯದಕ್ಕೇ ಅಂತ ಹೇಳಿಕೊಂಡವರು.

ಎಸ್ಸೆಸ್ಸೆಲ್ಸಿ ಹೇಗೆ ಪಾಸಾಗಬೇಕು ಅಂತ ನೀನು ಕೇಳುತ್ತೀ. ಕನ್ನಡ ಬೇಡ ಅಂತ ನಾನೆಲ್ಲಿ ಹೇಳಿದೆ? ಒಡಿಶಾದಲ್ಲಿ ಸಂತಾಲಿ, ಕುಯಿ, ಕೋಯಾ ಆಡುವ ಮಕ್ಕಳಿಗೆ ಮೊದಲು ಅವರ ಮಾತಿನಲ್ಲೇ ಪಾಠ ಶುರು ಮಾಡಿ, ಆಮೇಲೆ ಒಡಿಯಾಗೆ ದಾಟಿಸುವ ಕ್ರಮವಿದೆ. ನ್ಯೂಜಿಲೆಂಡಿನ ಮಾವೋರಿಗಳು 1982ರಲ್ಲಿ ತಮ್ಮದೇ ಶಿಶುವಿಹಾರ ತೆರೆದು, ಅಜ್ಜಿಯರನ್ನೇ ಕರೆದು ಕೂರಿಸಿದರು. ನಿಮ್ಮಲ್ಲಿ ಶನಿವಾರ ಬೆಳಗಿನ ಶಾಲೆ ತಾನೇ? ತಾಂಡಾದ ಒಬ್ಬ ಅಜ್ಜಿಯನ್ನು ಕರೆದು ಕತೆ ಹೇಳಿಸು. ಮಕ್ಕಳು ಅದನ್ನು ಕನ್ನಡ ಲಿಪಿಯಲ್ಲಿ ಬರೆಯಲಿ. ಅಕ್ಷರವೂ ತಿದ್ದಿದಂತಾಯಿತು.

ಸಂವಿಧಾನದ 350ಎ ವಿಧಿಯ ಬಗ್ಗೆ ನಾನು ನಿನಗೆ ಹೇಳಬೇಕಾಗಿಲ್ಲ. ಭಾಷಾ ಅಲ್ಪಸಂಖ್ಯಾತರ ಮಕ್ಕಳಿಗೆ ಪ್ರಾಥಮಿಕ ಹಂತದಲ್ಲಿ ತಾಯ್ನುಡಿಯ ಪಾಠ. ಡಿ.ಎಡ್. ಓದುವಾಗ ನೀನೇ ಪಡಸಾಲೆಯಲ್ಲಿ ಕೂತು ಬಾಯಿಪಾಠ ಮಾಡುತ್ತಿದ್ದೆ. ಗೋವಾದಲ್ಲಿ ನಮ್ಮ ಕಡೆಯ ಕೂಲಿಯವರ ಮಕ್ಕಳಿಗೆ ಕನ್ನಡ ಶಾಲೆ ಬೇಕು ಅಂತ ನಾವು ಕೇಳುವುದೂ ಅದೇ ಹಕ್ಕಿನ ಮೇಲೆ. ಇಲ್ಲಿ ಯಾರಾದರೂ ನಿನ್ನ ಸೊಸೆಗೆ, ಅಂದರೆ ನನ್ನ ಮಗಳಿಗೆ, ಕನ್ನಡ ಆಡಿದ್ದಕ್ಕೆ ಒಂದು ರೂಪಾಯಿ ದಂಡ ಹಾಕಿದ್ದರೆ? ಅದೇ ರಾತ್ರಿ ಬಸ್ಸು ಹತ್ತಿ ಜಗಳಕ್ಕೆ ಬರುತ್ತಿದ್ದೆ. ನಿನ್ನನ್ನು ನಾನು ಬಲ್ಲೆ.

ಕೂಡಿದ ದಂಡದ ದುಡ್ಡಲ್ಲಿ ಮಕ್ಕಳಿಗೆಲ್ಲ ಮಂಡಕ್ಕಿ, ಮಿರ್ಚಿ ಕೊಡಿಸಿಬಿಡು. ಹೆಡ್‌ಮಾಸ್ಟರು ಒಪ್ಪದಿದ್ದರೆ ಈ ಪತ್ರವನ್ನೇ ತೋರಿಸು, ಬೈಗುಳ ನನಗಿರಲಿ.

ಅಪ್ಪನ ಮೊಣಕಾಲು ಈಗ ಹೇಗಿದೆ? ಡಾಕ್ಟರು ಬರೆದ ಚೀಟಿಯ ಫೋಟೊ ಕಳಿಸಲು ವೈನಿಗೆ ಹೇಳು. ಟಿಕೆಟ್ ಸಿಕ್ಕರೆ ದೀಪಾವಳಿಗೆ ಬರುತ್ತೇವೆ.

ನಿನ್ನ ತಂಗಿ