ಕಮೋಡ್ ಬದಲಿಸುವವರು ಭಾನುವಾರದೊಳಗೆ ತಿಳಿಸಿ

ಎಲ್ಲರಿಗೂ ನಮಸ್ಕಾರ. ಮನೆಯವರಿಗೂ ಕೆಳಗಿನ ಅಂಗಡಿಯವರಿಗೂ ಈ ಸೂಚನೆ. ಹಳೇ ಕಮೋಡ್ ಬದಲಿಸುವವರೆಲ್ಲ ಎರಡು ಬಟನ್ ಫ್ಲಶ್‌ನ ಹೊಸದನ್ನು ಒಟ್ಟಿಗೆ ತರಿಸಿದರೆ ರೇಟು ಕಡಿಮೆ ಆಗುತ್ತೆ, ಅದಕ್ಕೆ ಭಾನುವಾರ ಸಂಜೆಯೊಳಗೆ ನಿಮ್ಮ ಮನೆ ಅಥವಾ ಅಂಗಡಿ ನಂಬರ್ ಇಲ್ಲಿ ಹಾಕಿ.

ಹಳೇ ಟ್ಯಾಂಕ್ ಒಂದು ಫ್ಲಶ್‌ಗೆ 10 ಲೀಟರ್, ಕೆಲವು ಅದಕ್ಕಿಂತ ಜಾಸ್ತಿ ಬಿಡುತ್ತವೆ. ಎರಡು ಬಟನ್‌ನದು ಚಿಕ್ಕ ಬಟನ್‌ಗೆ 3, ದೊಡ್ಡದಕ್ಕೆ 6 ಲೀಟರ್ ಅಷ್ಟೇ. ಕಾಲುವೆ ನೀರು ನಿಂತ ಮೇಲೆ ಬಳ್ಳಾರಿಗೆ ಅಲ್ಲೀಪುರದ ಕೆರೆಯಂಥ ಕಡೆ ತುಂಬಿಟ್ಟ ನೀರೇ ಗತಿ, ಬೇಸಿಗೆಯಲ್ಲಿ ಟ್ಯಾಂಕರ್‌ಗೆ ಎಷ್ಟು ಸುರಿಯುತ್ತೇವೆ ಅಂತ ಎಲ್ಲರಿಗೂ ಗೊತ್ತು ಅಲ್ವಾ.

ಮುಖ್ಯವಾದದ್ದು: ಕಮೋಡಿನಿಂದ ಹೊಲಸು ಹೋಗುವ ಪೈಪ್ ಗೋಡೆಗೆ ಹೋಗಿದೆಯಾ ನೆಲಕ್ಕಾ ನೋಡಿ. ನೆಲಕ್ಕಿದ್ದರೆ ಗೋಡೆಯಿಂದ ಪೈಪಿನ ನಡುವಿನವರೆಗೆ ಟೇಪ್ ಹಿಡಿದು ಅಳೆದು ಫೋಟೋ ಸಮೇತ ಕಳಿಸಿ, ಈ ಅಳತೆ ತಪ್ಪಿದರೆ ಟೈಲ್ಸ್ ಒಡೆಸಬೇಕಾಗುತ್ತೆ. ಹಳೇ ಕಮೋಡ್ ಇಟ್ಟುಕೊಂಡು ಬರೀ ಟ್ಯಾಂಕ್ ಬದಲಿಸಬೇಡಿ. ಕಮ್ಮಿ ನೀರಿಗೆ ಅದು ಸರಿಯಾಗಿ ತೊಳೆಯಲ್ಲ, ಎರಡು ಸಲ ಒತ್ತಿದರೆ ನೀರು ಉಳಿದದ್ದೇನು? ಅಂಗಡಿಯವರು ಬಟನ್ ಗಟ್ಟಿ ಇರೋದು, ಬಿಡಿಭಾಗ ಊರಲ್ಲೇ ಸಿಗೋದು ಆರಿಸಿ.

ಬದಲಿಸದವರು ಟ್ಯಾಂಕಿಗೆ ಸ್ವಲ್ಪ ಬಟ್ಟೆ ನೀಲಿ ಹಾಕಿ, ಅರ್ಧ ಗಂಟೆ ಫ್ಲಶ್ ಮಾಡದೆ ಬಿಡಿ. ಕಮೋಡಿನಲ್ಲಿ ನೀಲಿ ಇಳಿದರೆ ಟ್ಯಾಂಕಿನ ವಾಷರ್ ಹೋಗಿ ನೀರು ಸೋರುತ್ತಿದೆ ಅಂತ. ಸೋಮವಾರ ಬೆಳಿಗ್ಗೆ ಪ್ಲಂಬರ್ ಬರುತ್ತಾರೆ, ಮನೆಯಲ್ಲಿ ಯಾರಾದರೂ ಇರಿ.