ಓದಿದವರ ಮೇಲಿನ ಋಣ

ಚಿ. ಪುಟ್ಟಿಗೆ ದೊಡ್ಡಪ್ಪನ ಆಶೀರ್ವಾದಗಳು.

ಇಲ್ಲಿ ಎಲ್ಲರೂ ಕ್ಷೇಮ. ಬಾಸ್ಟನ್ನಿನಿಂದ ನೀನು ಬರೆದ ಪತ್ರ ಕೈಸೇರಿತು. ನಿಮ್ಮ ವಿಶ್ವವಿದ್ಯಾಲಯದ ಹಳೆಯ ಕಡತಗಳಲ್ಲಿ ಗುಲಾಮರ ಹೆಸರುಗಳನ್ನು ಹುಡುಕಿ ಪಟ್ಟಿ ಮಾಡುತ್ತಿರುವ ವಿದ್ಯಾರ್ಥಿಗಳು ನಿನ್ನ ನೆರವು ಕೇಳಿದರೆಂದೂ, ನಿನ್ನ ವಿಷಯ ಸಂಖ್ಯಾಶಾಸ್ತ್ರವಾದ್ದರಿಂದ ಇಂಥ ವಿವಾದಗಳಲ್ಲಿ ತಟಸ್ಥಳಾಗಿರುವುದೇ ಸರಿಯೆಂದು ನೀನು ಹಿಂದೆ ಸರಿದೆಯೆಂದೂ ಓದಿದಾಗಿನಿಂದ ನನ್ನ ಮನಸ್ಸು ಅದನ್ನೇ ಸುತ್ತುತ್ತಿದೆ. ಮೂವತ್ತು ವರ್ಷ ಅಮೆರಿಕನ್ ಸಾಹಿತ್ಯ ಪಾಠ ಹೇಳಿದವನು ಈ ಮಾತನ್ನು ಕೇಳಿ ಸುಮ್ಮನಿರಲಾರೆ.

ಮೊದಲು ನನ್ನ ತಪ್ಪನ್ನೇ ಹೇಳುತ್ತೇನೆ. 1837ರ ಆಗಸ್ಟ್ 31ರಂದು ಅಮೆರಿಕದ ಚಿಂತಕ ಎಮರ್ಸನ್ ನಿಮ್ಮ ಬಾಸ್ಟನ್ ಪಕ್ಕದ ಕೇಂಬ್ರಿಜ್‌ನಲ್ಲಿ ವಿದ್ವಾಂಸನ ಕರ್ತವ್ಯವನ್ನು ಕುರಿತು ಮಾಡಿದ ಭಾಷಣವನ್ನು ನಾನು ವರ್ಷ ವರ್ಷವೂ ಪಾಠ ಮಾಡಿದೆ. ಪುಸ್ತಕ, ಪ್ರಕೃತಿ, ಕ್ರಿಯೆ ಮೂರೂ ಸೇರಿದರೇ ವಿದ್ವಾಂಸ ಎಂಬ ಅದರ ವಾದವನ್ನು ಉತ್ಸಾಹದಿಂದ ವಿವರಿಸುತ್ತಿದ್ದೆ. ಆದರೆ ದೇಶದಲ್ಲಿ ಲಕ್ಷಾಂತರ ಜನ ಸಂಕೋಲೆಯಲ್ಲಿದ್ದಾಗ ಕ್ರಿಯೆ ಎಂದರೇನು ಎಂದು ಆ ಭಾಷಣ ಬಿಡಿಸಿ ಹೇಳಲಿಲ್ಲ. ಹೇಳಲಿಲ್ಲವೆಂಬುದನ್ನು ನಾನೂ ನನ್ನ ವಿದ್ಯಾರ್ಥಿಗಳಿಗೆ ಹೇಳಲಿಲ್ಲ. ಅದೇ ವರ್ಷದ ನವೆಂಬರ್ 7ರಂದು ಇಲಿನಾಯ್‌ನ ಆಲ್ಟನ್ ಊರಿನಲ್ಲಿ, ಗುಲಾಮಗಿರಿಯ ವಿರುದ್ಧ ಪತ್ರಿಕೆ ನಡೆಸುತ್ತಿದ್ದ ಎಲೈಜಾ ಲವ್‌ಜಾಯ್ ತನ್ನ ಮುದ್ರಣಯಂತ್ರವನ್ನು ಕಾಯುತ್ತಿದ್ದಾಗ ಗುಂಪೊಂದು ಆತನನ್ನು ಗುಂಡಿಕ್ಕಿ ಕೊಂದಿತು. ಎಮರ್ಸನ್ ಪೂರ್ತಿಯಾಗಿ ಬಾಯಿ ಬಿಡಲು ಇನ್ನೂ ಏಳು ವರ್ಷ ಬೇಕಾಯಿತು. 1844ರ ಆಗಸ್ಟ್ 1ರಂದು, ವೆಸ್ಟ್ ಇಂಡೀಸಿನ ಗುಲಾಮರ ಬಿಡುಗಡೆಯ ದಿನಾಚರಣೆಗೆ ಆತನ ಊರಾದ ಕಾಂಕರ್ಡ್‌ನ ಹೆಂಗಸರು ಆತನನ್ನು ಕರೆದರು. ಊರಿನ ಚರ್ಚುಗಳು ಜಾಗ ಕೊಡಲೊಪ್ಪಲಿಲ್ಲ. ಸಭೆ ನ್ಯಾಯಾಲಯದ ಕಟ್ಟಡದಲ್ಲಿ ಸೇರಿತು. ಜನರನ್ನು ಕೂಡಿಸಲು ಆತನ ಗೆಳೆಯ, ಲೇಖಕ ತೋರೋ ಹೋಗಿ ಚರ್ಚಿನ ಗಂಟೆ ಬಾರಿಸಿದ. ಆ ಭಾಷಣಕ್ಕಾಗಿ ಎಮರ್ಸನ್ ಗುಲಾಮಗಿರಿಯ ಚರಿತ್ರೆಯನ್ನು ಕೂತು ಓದಿದ್ದ. ಅವನ ಮೌನವನ್ನು ಮುರಿದದ್ದರಲ್ಲಿ ಆ ಓದಿನ ಪಾಲು ದೊಡ್ಡದೆಂದೇ ನನ್ನ ಎಣಿಕೆ.

ಮಾತಾಡಿದವರಿಗೆ ಆದ ನಷ್ಟವೂ ನಿನಗೆ ತಿಳಿದಿರಬೇಕು. ನೀನು ಹೋಗಿ ಓದುವ ಬಾಸ್ಟನ್ ಅಥೀನಿಯಂ ಗ್ರಂಥಾಲಯ ಲೇಖಕಿ ಲಿಡಿಯಾ ಮರಿಯಾ ಚೈಲ್ಡ್‌ಳಿಗೆ ಪುಸ್ತಕಗಳನ್ನು ಎರವಲು ಪಡೆಯುವ ಸವಲತ್ತು ಕೊಟ್ಟಿತ್ತು. 1833ರಲ್ಲಿ ಆಕೆ ಕರಿಯರ ಪರವಾಗಿ ದೊಡ್ಡ ಗ್ರಂಥವೊಂದನ್ನು ಪ್ರಕಟಿಸಿದ ಮೇಲೆ ಆ ಸವಲತ್ತು ಹೋಯಿತು. ಆಕೆ ನಡೆಸುತ್ತಿದ್ದ ಮಕ್ಕಳ ಪತ್ರಿಕೆಯ ಚಂದಾದಾರರೂ ಬಿಟ್ಟುಹೋದರು. ಅದಕ್ಕೂ ಮೊದಲೇ, 1829ರಲ್ಲಿ, ಅದೇ ಊರಿನಲ್ಲಿ ಹಳೆಯ ಬಟ್ಟೆ ವ್ಯಾಪಾರ ಮಾಡುತ್ತಿದ್ದ ಡೇವಿಡ್ ವಾಕರ್ ಎಂಬ ಕರಿಯ ಲೇಖಕ, ಕರಿಯರು ಬುದ್ಧಿಯಲ್ಲಿ ಕೀಳೆಂದು ಸಂದೇಹಿಸಿ ಬರೆದಿದ್ದ ಮಾಜಿ ಅಧ್ಯಕ್ಷ ಜೆಫರ್ಸನ್‌ನಿಗೆ ಹೆಸರು ಹಿಡಿದೇ ಉತ್ತರ ಕೊಟ್ಟಿದ್ದ. ಕಾಲೇಜಿನ ಮೆಟ್ಟಿಲು ಹತ್ತದ ಆತ ಮಾಡಿದ್ದು ವಿದ್ವಾಂಸರು ಮಾಡಬೇಕಿದ್ದ ಕೆಲಸ.

ಥಿಯೊಡೋರ್ ಪಾರ್ಕರ್ ಎಂಬ ಪಾದ್ರಿ 1849ರಲ್ಲಿ ಮೇನ್ ರಾಜ್ಯದ ವಾಟರ್‌ವಿಲ್‌ನಲ್ಲಿ ಮಾಡಿದ ಭಾಷಣ ನನಗೆ ಎಮರ್ಸನ್‌ನದಕ್ಕಿಂತ ಹತ್ತಿರವಾದದ್ದು. ಒಬ್ಬನು ಓದುವಷ್ಟು ಕಾಲ ಉಳಿದವರು ದುಡಿದು ಅವನನ್ನು ಸಾಕಿರುತ್ತಾರೆ, ಆದ್ದರಿಂದ ಅವನ ವಿದ್ಯೆ ಜನರಿಗೆ ತೀರಿಸಬೇಕಾದ ಸಾಲ ಎಂಬುದು ಅದರ ತಿರುಳು. ನಮ್ಮಲ್ಲಿ ಋಷಿಋಣವೆನ್ನುತ್ತೇವೆ, ಪಾರ್ಕರ್ ಹೇಳುವುದು ದುಡಿದವರ ಋಣ. ನಿನ್ನ ಓದಿಗೆ ನಿನ್ನಪ್ಪ ತೋಟದ ಮೇಲೆ ಸಾಲ ತೆಗೆದದ್ದು ನಿನಗೆ ಗೊತ್ತು. ಆದರೆ ಆ ತೋಟದಲ್ಲಿ ಮರ ಹತ್ತಿ ಕೊನೆ ಇಳಿಸಿದವರು, ಸುಗ್ಗಿಯ ರಾತ್ರಿಗಳಲ್ಲಿ ನಮ್ಮ ಅಂಗಳದಲ್ಲಿ ಮೆಟ್ಟುಗತ್ತಿಯ ಮುಂದೆ ಕೂತು ಬೆರಳೆಲ್ಲ ಕಂದು ಹಿಡಿಯುವವರೆಗೆ ಅಡಿಕೆ ಸುಲಿದ ಹೆಂಗಸರು ಯಾವ ಸಾಲದ ಪತ್ರದಲ್ಲೂ ಇಲ್ಲ. ನಿಮ್ಮ ಕಡತಗಳಲ್ಲಿ ಆ ಹುಡುಗರು ಹುಡುಕುತ್ತಿರುವುದೂ ಅಂಥ ಹೆಸರುಗಳನ್ನೇ ಅಲ್ಲವೆ? ಇದೇ ಪಾರ್ಕರ್, ತಪ್ಪಿಸಿಕೊಂಡು ಬಂದ ಗುಲಾಮರ ಆತ್ಮಕಥೆಗಳೇ ಅಮೆರಿಕದ ಸ್ವಂತ ಸಾಹಿತ್ಯವೆಂದ. ಮರುವರ್ಷ, ಹಾಗೆ ತಪ್ಪಿಸಿಕೊಂಡು ಬಂದಿದ್ದ ಎಲೆನ್ ಕ್ರಾಫ್ಟ್‌ಳನ್ನು ಹಿಡಿದೊಯ್ಯಲು ಜನ ಬಂದಾಗ ಅವಳನ್ನು ಮನೆಯಲ್ಲಿಟ್ಟುಕೊಂಡು, ಮೇಜಿನಲ್ಲಿ ಪಿಸ್ತೂಲಿಟ್ಟು ಧರ್ಮೋಪದೇಶ ಬರೆದ. ಇಷ್ಟಾಗಿಯೂ ಬಿಳಿಯರೇ ಮೇಲೆಂಬ ನಂಬಿಕೆ ಅವನಲ್ಲಿಯೂ ಎಮರ್ಸನ್‌ನಲ್ಲಿಯೂ ಪೂರ್ತಿ ಅಳಿದಿರಲಿಲ್ಲ. ಇದನ್ನು ಮುಚ್ಚಿಟ್ಟು ಅವರನ್ನು ಹೊಗಳುವುದು ನನಗೆ ಬೇಡ.

ಈಗ ನಿನ್ನ ಸಂಖ್ಯಾಶಾಸ್ತ್ರಕ್ಕೆ ಬರುತ್ತೇನೆ. ಫಿಲಡೆಲ್ಫಿಯಾದ ವೈದ್ಯ ಸ್ಯಾಮ್ಯುಯೆಲ್ ಮಾರ್ಟನ್ ನೂರಾರು ತಲೆಬುರುಡೆಗಳನ್ನು ಕೂಡಿಹಾಕಿ, ಮೊದಲು ಕಾಳು ತುಂಬಿ, ಆಮೇಲೆ ಸೀಸದ ಗುಂಡು ತುಂಬಿ, ಅವುಗಳ ಗಾತ್ರವನ್ನು ಅಳೆದು ಜನಾಂಗಗಳಿಗೆ ಮೇಲುಕೀಳು ಕಟ್ಟಿದ. ಆತನೂ ತನ್ನದು ಬರೀ ಅಳತೆಯೆಂದೇ ನಂಬಿದ್ದ. ಗುಲಾಮಗಿರಿಯನ್ನು ಸಮರ್ಥಿಸುವವರು ಆ ಅಂಕಿಗಳನ್ನು ಎತ್ತಿಕೊಂಡರು. 1854ರ ಜುಲೈ 12ರಂದು ಒಹಾಯೊದ ವೆಸ್ಟರ್ನ್ ರಿಸರ್ವ್ ಕಾಲೇಜಿನ ವಿದ್ಯಾರ್ಥಿ ಸಂಘದ ಕರೆಯ ಮೇರೆಗೆ ಬಂದು ಇದಕ್ಕೆ ಉತ್ತರ ಕೊಟ್ಟವನು ಫ್ರೆಡರಿಕ್ ಡಗ್ಲಸ್. ಗುಲಾಮನಾಗಿದ್ದ ಹುಡುಗನಿಗೆ ಅಕ್ಷರ ಕಲಿಸಬಾರದೆಂದು ಯಜಮಾನ ತಡೆದಾಗ, ಬೀದಿಯ ಬಿಳಿಯ ಹುಡುಗರಿಗೆ ರೊಟ್ಟಿ ಕೊಟ್ಟು ಓದು ಕಲಿತವನು ಆತ. ಅಂದು ಆತ ಬರೀ ಆವೇಶದಿಂದ ಮಾತಾಡಲಿಲ್ಲ. ಚೆನ್ನಾಗಿ ಓದಿಕೊಂಡು ಹೋಗಿ ವಿದ್ವಾಂಸರ ವಿಧಾನವನ್ನೇ ಪರೀಕ್ಷಿಸಿದ. ಅವರ ಗ್ರಂಥಗಳಲ್ಲಿ ಬಿಳಿಯನ ಚಿತ್ರಕ್ಕೆ ಅತ್ಯಂತ ಸುಂದರವಾದ ಮುಖವನ್ನೂ ಕರಿಯನ ಚಿತ್ರಕ್ಕೆ ವಿಕಾರಗೊಳಿಸಿದ ಮುಖವನ್ನೂ ಆರಿಸಿರುವುದನ್ನು ಎತ್ತಿ ತೋರಿಸಿ, ಒಂದು ಕಡೆ ಶ್ರೇಷ್ಠ ಮಾದರಿಯನ್ನು ತೆಗೆದುಕೊಂಡರೆ ಇನ್ನೊಂದು ಕಡೆಯೂ ಶ್ರೇಷ್ಠವಾದದ್ದನ್ನೇ ತೆಗೆದುಕೊಳ್ಳಬೇಕೆಂದು ಕೇಳಿದ. ಮಾದರಿ ಆರಿಸುವಲ್ಲಿಯೇ ಪಕ್ಷಪಾತ ನುಸುಳುತ್ತದೆಂದು ನನಗೆ ಕಲಿಸಿದವಳು ನೀನೇ. ಅದನ್ನು ಆತ ಆಗಲೇ ಹಿಡಿದಿದ್ದ. ಅದೇ ವೇದಿಕೆಯಿಂದ, ಈ ಪ್ರಶ್ನೆಯಲ್ಲಿ ತಟಸ್ಥನಾಗಿ ನಿಲ್ಲುವ ವಿದ್ವಾಂಸ ಹೀನ ಮನುಷ್ಯನೆಂದೂ ಹೇಳಿದ. ನೀನು ಗೌರವದಿಂದ ಬಳಸಿದ ಪದ ಅದು. ಆದ್ದರಿಂದಲೇ ಮನಸ್ಸು ಕಲ್ಲು ಮಾಡಿಕೊಂಡು ಈ ಮಾತನ್ನು ನಿನಗೆ ಬರೆಯುತ್ತಿದ್ದೇನೆ.

ನಿನ್ನ ಪ್ರಬಂಧದ ಕೆಲಸ ಬಿಟ್ಟು ಬೀದಿಗಿಳಿಯೆಂದು ನಾನು ಹೇಳುತ್ತಿಲ್ಲ. ಹರಿದ ದಾಖಲೆಗಳಲ್ಲಿ ಒಂದೇ ಹೆಸರು ಮೂರು ರೀತಿಯಲ್ಲಿ ಬರೆದಿದ್ದರೆ ಅವು ಒಬ್ಬರೋ ಮೂವರೋ ಎಂದು ತೂಗಿ ನೋಡುವ ವಿದ್ಯೆ ನಿನ್ನಲ್ಲಿದೆ. ಆ ಹುಡುಗರು ನಿನ್ನನ್ನು ಕರೆದದ್ದು ಅದಕ್ಕೇ ಇರಬೇಕು. ಅವರು ಮತ್ತೆ ಯಾವಾಗ ಸೇರುತ್ತಾರೆಂದು ವಿಚಾರಿಸಿ ನನಗೆ ಬರೆ. ಚಳಿ ಹೆಚ್ಚಾಗಿದೆಯಂತೆ, ಅಮ್ಮ ಕಳಿಸಿದ ಶಾಲು ಹೊದ್ದುಕೋ.

ಇತಿ ನಿನ್ನ ಪ್ರೀತಿಯ
ದೊಡ್ಡಪ್ಪ